ಕೈಮದ್ದಿನ ವರ್ಷ

ಹೋದ ವಾರ ರಾಬರ್ಟ್‌ಸನ್‌ಪೇಟೆಯ ಮೆಡಿಕಲ್ ಶಾಪಿನ ಮುಂದೆ ನನ್ನ ಬಿಪಿ ಮಾತ್ರೆಗೆ ನಿಂತಿದ್ದೆ. ಪಕ್ಕದಲ್ಲಿ ಲುಂಗಿ ಉಟ್ಟಿದ್ದ ಒಬ್ಬ ಗುಲಾಬಿ ಬಣ್ಣದ ಬಾಟಲಿ ಕೊಂಡ. ಮನೆಗೆ ಹೋಗುವವರೆಗೂ ತಡೆಯಲಿಲ್ಲ. ಅಲ್ಲೇ ಕುಲುಕಿ, ಮುಚ್ಚಳ ತಿರುಗಿಸಿ, ಬಾಯಿಗೆ ಸುರಿದುಕೊಂಡ. ಸೋಂಪು, ಪುದೀನ, ಸುಣ್ಣದ ತಿಳಿ, ಎಲ್ಲ ಕಲಸಿದ ವಾಸನೆ. ಅದು ಮೂಗಿಗೆ ಬಿದ್ದದ್ದೇ ನಾನು ಅಂಗಡಿಯ ಗಾಜಿನ ಕಟ್ಟೆ ಹಿಡಿದುಕೊಂಡೆ.

"ಎಷ್ಟು ದಿವ್ಸದಿಂದ ಕುಡೀತಾ ಇದೀಯಪ್ಪಾ ಇದ್ನ?" ಅಂದೆ.

"ಗ್ಯಾಸು ಕಣಮ್ಮ. ಯಾವಾಗ್ಲೂ ಇದ್ದಿದ್ದೇ."

"ಇದ್ದಿದ್ದೇ ಅಂದ್ರೆ?"

"ವರ್ಸದ ಮೇಲಾಯ್ತು. ಯಾಕೆ, ನೀನೇನ್ ಡಾಕ್ಟ್ರಾ?"

"ಡಾಕ್ಟ್ರಾಗಿದ್ರೆ ಕೇಳ್ತಿರ್ಲಿಲ್ಲ, ಇನ್ನೊಂದು ಬಾಟ್ಲಿ ಬರ್ಕೊಡ್ತಿದ್ದೆ. ಓಗಿ ಟ್ಯೂಬ್ ಬಿಡಿಸಿ ನೋಡಿಸ್ಕೊ ಒಟ್ಟೇನ."

ಅಂಗಡಿಯವನು ನಕ್ಕ. ಬಾಟಲಿಯವನೂ ನಕ್ಕ. ಮೊಮ್ಮಗಳು ಚೈತ್ರ ನನ್ನ ಸೆರಗು ಎಳೆದು, "ಬಾ ಅಜ್ಜಿ, ಬೀದೀಲಿ ಓಗೋರ್ಗೆಲ್ಲಾ ಬೈಬೇಡ" ಅಂದಳು. ಬಂಗಾರಪೇಟೆಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಿರುಗಿ ಕೂತಳು. ಆ ಬಾಟಲಿ ಅವಳಿಗೂ ಗೊತ್ತು. ಅವಳ ಅಮ್ಮನ ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು.

ಇದನ್ನು ಬರೆದವಳು ನಾನೇ, ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ ಕಡೆ ಚೈತ್ರ ತಿದ್ದಿದ್ದಾಳೆ, ಮಾತು ನನ್ನದೇ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ನಮ್ಮ ಕಡೆ ಮದ್ದು ಅಂದರೆ ಔಷಧಿ ಅಲ್ಲ. ಜ್ವರ ಬಂದರೆ ಮಾತ್ರೆ ಅಂತೀವಿ, ಟಾನಿಕ್ ಅಂತೀವಿ, ಔಷ್ದಿ ಅಂತೀವಿ. ಮದ್ದು ಅನ್ನುವುದು ಎರಡಕ್ಕೆ ಮಾತ್ರ. ಗಣಿಯಲ್ಲಿ ಬಂಡೆ ಸೀಳುವುದಕ್ಕೆ ಇಡುತ್ತಿದ್ದದ್ದು ಒಂದು. ಅನ್ನದಲ್ಲಿ ಕಲಸಿ ಹಾಕುವುದು ಇನ್ನೊಂದು, ಅದು ಕೈಮದ್ದು. ಒಬ್ಬರನ್ನು ತಮ್ಮ ಕಡೆಗೇ ಎಳೆದು ಇಟ್ಟುಕೊಳ್ಳಬೇಕು ಅಂತ ಇರುವವರು ಊಟದಲ್ಲಿ ಬೆರೆಸಿ ಹಾಕುತ್ತಾರಂತೆ. ಅದು ಹೊಟ್ಟೆಯೊಳಗೆ ಅಂಟಿಕೊಂಡು ಕೂತು, ತಿಂದದ್ದನ್ನು ಮೈಗೆ ಹತ್ತಲು ಬಿಡದೆ, ಆಳನ್ನು ಒಣಗಿಸುತ್ತದಂತೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರು ಇದ್ದಾರೆ. ನಮ್ಮಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದು ವರ್ಷವಾದರೂ ಹೋಗದಿದ್ದರೆ, ಮನೆಯಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಮದ್ದು ಇರಬೋದಾ?

ನನ್ನ ಮಗಳು ಪದ್ಮನ ವಿಷಯದಲ್ಲಿ ಕೇಳಿದವಳು ನನ್ನ ಬೀಗಿತ್ತಿ ಕನಕಮ್ಮ. ಹಾಕಿದವಳು ಅಂತ ಆದವಳು ನಾನು.

ಪದ್ಮನನ್ನು ಊರಿಗಾಂ ಲೈನಿಗೆ, ಚಿನ್ನದ ಗಣಿಯವರ ಸಾಲುಮನೆಗಳಿಗೆ ಕೊಟ್ಟಿದ್ದೆ. ಅಳಿಯ ಶಂಕರ ಆಟೋ ಓಡಿಸುತ್ತಾನೆ. ಅವನ ಅಪ್ಪ ಮೈಸೂರು ಮೈನ್ಸ್‌ನಲ್ಲಿ ಮದ್ದು ಇಡುವ ಕೆಲಸದಲ್ಲಿದ್ದವನು, ಗಣಿ ನಿಂತ ಮೇಲೆ ಬಾಗಿಲಲ್ಲಿ ಕೂತು ಬೀಡಿ ಸೇದುವುದೇ ಕೆಲಸ. ಕನಕಮ್ಮ ಮಗನ ಹತ್ತಿರ ತಮಿಳು, ಅಕ್ಕಪಕ್ಕದವರ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ ಮಾತಾಡುತ್ತಾಳೆ. ಮೂರರಲ್ಲೂ ಗಂಟಲು ಒಂದೇ, ಬೀದಿ ಕೊನೆವರೆಗೆ ಕೇಳಿಸುತ್ತದೆ. ಕೆಟ್ಟವಳಲ್ಲ. ಪದ್ಮನಿಗೆ ಹುಷಾರಿಲ್ಲದಾಗ ಅವಳ ಒಳಬಟ್ಟೆ ಕೂಡ ತಾನೇ ಒಗೆದವಳು. ಅದನ್ನು ಹೇಳದೆ ಬರೀ ಮಿಕ್ಕದ್ದನ್ನು ಹೇಳಿದರೆ ಸುಳ್ಳಾಗುತ್ತದೆ.

ಪದ್ಮ ವೈಟ್‌ಫೀಲ್ಡ್ ಕಡೆ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಬೆಳಕು ಹರಿಯುವ ಮುಂಚೆ ಊರಿಗಾಂನಲ್ಲಿ ರೈಲು ಹತ್ತಬೇಕು. ಆ ರೈಲು ಬಂಗಾರಪೇಟೆಯಲ್ಲಿ ಸ್ವಲ್ಪ ನಿಲ್ಲುತ್ತದೆ. ನಾನು ಹಾಲು ಕರೆದು ಡೈರಿಗೆ ಹಾಕಿ, ಸ್ಟೀಲ್ ಕ್ಯಾರಿಯರ್ ಹಿಡಿದು ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದೆ. ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಅವಳು ಕಾದಿರುತ್ತಿದ್ದಳು. ಕಂಬಿ ನಡುವೆ ಕ್ಯಾರಿಯರ್ ತೂರುವುದಿಲ್ಲ ಅಂತ ಯಾರಾದರೂ ಒಬ್ಬಳು ಬಾಗಿಲಿಗೆ ಓಡಿ ಬಂದು ಇಸಿದುಕೊಳ್ಳುತ್ತಿದ್ದಳು. ಮದುವೆಯಾಗಿ ವರ್ಷಗಳಾದರೂ ಮಗಳಿಗೆ ತುತ್ತು ಕೊಡುವುದಕ್ಕೆ ನನಗಿದ್ದದ್ದು ಆ ರೈಲು ನಿಲ್ಲುವ ಹೊತ್ತು ಮಾತ್ರ.

ಆ ವರ್ಷ ಅವರೆಕಾಯಿ ಚೆನ್ನಾಗಿ ಬಂದಿತ್ತು. ಸೊಗಡು ಹಿತ್ತಲೆಲ್ಲ ಹರಡಿತ್ತು. ಪದ್ಮನಿಗೆ ಹಿತಕಿದ ಬೇಳೆ ಸಾರು ಅಂದರೆ ಪ್ರಾಣ. ಚಿಕ್ಕಂದಿನಲ್ಲಿ ನಾನು ಅವರೆ ಹಿತಕುತ್ತಾ ಕೂತರೆ, ಪಕ್ಕದಲ್ಲಿ ಕೂತು ಹಸಿಬೇಳೆಯನ್ನೇ ಮುಕ್ಕಿ ಏಟು ತಿನ್ನುತ್ತಿದ್ದಳು. ಹಾಗಾಗಿ ಮುದ್ದೆ, ಹಿತಕಿದ ಬೇಳೆ ಸಾರು, ಒಂದು ಸಣ್ಣ ಬಾಟಲಿಯಲ್ಲಿ ಹಾಲು, ಇಷ್ಟು ಕಟ್ಟಿಕೊಂಡು ಹೋಗುತ್ತಿದ್ದೆ. ರೈಲಿನ ಹೆಂಗಸರು ಕಿಟಕಿಯಿಂದಲೇ ರೇಗಿಸುತ್ತಿದ್ದರು.

"ವೆಂಕಟಮ್ಮಕ್ಕಾ, ನಿನ್ ಮಗ್ಳು ಎರಡ್ ತುತ್ತು ತಿಂದು ಸಾಕು ಅಂತವ್ಳೆ. ಮಿಕ್ಕಿದ್ದೆಲ್ಲಾ ನಮ್ಗೇ. ನೀನು ಸಾಕ್ತಿರೋದು ಅವಳ್ನಲ್ಲ, ನಮ್ನ!"

"ತಿನ್ರೇ, ತಿನ್ರೇ. ನೋಡು, ಒಬ್ಬೊಬ್ಳೂ ಎಮ್ಮೆ ಆಗಿದೀರ" ಅಂತ ನಾನೂ ಅನ್ನುತ್ತಿದ್ದೆ.

ನಕ್ಕೆವು. ಅವತ್ತು ಅವರು ನಗುತ್ತಾ ಹೇಳಿದ ಮಾತಿನಲ್ಲೇ ಕಾಯಿಲೆ ಇತ್ತು. ಎರಡು ತುತ್ತಿಗೆ ಹೊಟ್ಟೆ ತುಂಬಿಬಿಡುತ್ತದೆ ಅನ್ನುವುದನ್ನು ಡಾಕ್ಟರು ಆಮೇಲೆ ಮೊಟ್ಟಮೊದಲು ಕೇಳಿದರು. ರೈಲಿನಲ್ಲಿ ಅದು ತಮಾಷೆ.

ನೋವು ಅದಕ್ಕೂ ಮುಂಚಿನದು. ಎದೆಗುಂಡಿಯ ಕೆಳಗೆ ಉರಿ, ಹುಳಿತೇಗು, ತಿಂದರೆ ಭಾರ, ತಿನ್ನದಿದ್ದರೆ ಕೊರೆತ. ಮೊದಲು ಮೆಡಿಕಲ್ ಶಾಪಿನವನೇ ಮಾತ್ರೆ ಕೊಟ್ಟ. ಆಮೇಲೆ ಊರಿಗಾಂನಲ್ಲಿ ಇಂಜೆಕ್ಷನ್ ಹಾಕುವ ಒಬ್ಬ. ಆಮೇಲೆ ರಾಬರ್ಟ್‌ಸನ್‌ಪೇಟೆಯ ಒಂದು ಕ್ಲಿನಿಕ್ಕು, ಅದರ ಎದುರಿನ ಇನ್ನೊಂದು ಕ್ಲಿನಿಕ್ಕು. ಎಲ್ಲರೂ ಹೇಳಿದ್ದು ಒಂದೇ: ಗ್ಯಾಸ್ಟ್ರಿಕ್, ಹೊತ್ತಿಗೆ ಸರಿಯಾಗಿ ಊಟ ಮಾಡಮ್ಮ. ಕತ್ತಲಲ್ಲಿ ರೈಲು ಹತ್ತಿ ಕತ್ತಲಲ್ಲಿ ಇಳಿಯುವವಳಿಗೆ ಯಾವ ಹೊತ್ತು? ಹೊಸ ಡಾಕ್ಟರು ಹಳೇ ಡಾಕ್ಟರ ಚೀಟಿ ಮುಟ್ಟಿಯೂ ನೋಡುತ್ತಿರಲಿಲ್ಲ. ಮತ್ತೆ ರಕ್ತ, ಮತ್ತೆ ಸ್ಕ್ಯಾನಿಂಗು, ಮತ್ತೆ ಅದೇ ಗುಲಾಬಿ ಬಾಟಲಿ ಬೇರೆ ಹೆಸರಲ್ಲಿ. ಒಂದು ವಾರ ಸುಮಾರಾಗಿ ಇರುತ್ತಿತ್ತು, ಆಮೇಲೆ ಮೊದಲಿನಂತೆ.

ಹೊಟ್ಟೆನೋವಿನವರ ಮನೆಯಲ್ಲಿ ದುಡ್ಡು ಹೋಗುವ ರೀತಿಯೇ ಬೇರೆ. ಕಾಲು ಮುರಿದರೆ ಒಂದೇ ಸಲ ದೊಡ್ಡ ಗಂಟು ಹೋಗುತ್ತದೆ, ಮನೆಯವರೆಲ್ಲ ಎದ್ದು ಕೂರುತ್ತಾರೆ. ಇದು ತೂತಿನ ಬಿಂದಿಗೆ. ಇವತ್ತು ಮಾತ್ರೆಗೆ, ನಾಳೆ ಇಂಜೆಕ್ಷನ್ನಿಗೆ, ನಾಡಿದ್ದು ಡಾಕ್ಟರನ್ನು ಕಾಯಲು ಹೋಗಿ ಕೂಲಿ ತಪ್ಪಿದ್ದು. ಯಾವುದೂ ಅಳುವಷ್ಟು ದೊಡ್ಡದಲ್ಲ. ಪದ್ಮನ ಓಲೆ ಹೋಗಿ ಕಿವಿಗೆ ಕಡ್ಡಿ ಬಂದ ಮೇಲೆಯೇ ನನಗೆ ಗೊತ್ತಾದದ್ದು, ಬಿಂದಿಗೆ ಅರ್ಧ ಖಾಲಿಯಾಗಿದೆ ಅಂತ.

ಸಂಕ್ರಾಂತಿ ಹತ್ತಿರ ಬಂದಾಗ, ಎರಡನೇ ಕ್ಲಿನಿಕ್ಕಿನ ಡಾಕ್ಟರು ಗಂಟಲಿನಿಂದ ಟ್ಯೂಬ್ ಬಿಟ್ಟು ಹೊಟ್ಟೆ ಒಳಗೆ ನೋಡಬೇಕು ಅಂದರು. ಕೋಲಾರಕ್ಕೋ ಬೆಂಗಳೂರಿಗೋ ಹೋಗಬೇಕು. ಶಂಕರ ಮನೆಗೆ ಬಂದು ಜಗುಲಿ ಮೇಲೆ ಕೂತು ಹೇಳಿದ: "ಸರ್ಕಾರದ್ ಆಸ್ಪತ್ರೆ ಕಾರ್ಡ್ ಐತೆ ಅತ್ತೆ, ಆದ್ರೆ ಅದು ಕಾಯಿಲೆ ಇಂಥದ್ದು ಅಂತ ಗೊತ್ತಾದ್ಮೇಲೆ ಆಪರೇಷನ್‌ಗೆ ಅಂತೆ. ಕಾಯಿಲೆ ಯಾವ್ದು ಅಂತ ಉಡ್ಕೋದಕ್ಕೆ ನಾವೇ ಕೊಡ್ಬೇಕಂತೆ." ಯಾರು ಅವನಿಗೆ ಹಾಗೆ ಹೇಳಿದರೋ, ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆಟೋ ಸಾಲದ ಕಂತು ಬೇರೆ ಬಾಕಿ ಇತ್ತು. ಪದ್ಮ ಗೋಡೆಗೆ ಒರಗಿದ್ದಳು. ಟ್ಯೂಬಿನ ಮಾತಿಗೇ ಅವಳಿಗೆ ಓಕರಿಕೆ.

"ಗೌರೀನ ಮಾರ್ತೀನಿ. ಪರೀಕ್ಷೆ ಮಾಡ್ಸು" ಅಂದೆ.

ಗೌರಿ ನನ್ನ ಹಸು, ಮೊದಲ ಸೂಲಿನದು. ಮಾರುವುದಕ್ಕೆ ನನಗೇನೂ ಸಂಕಟವಾಗಲಿಲ್ಲ. ಕಷ್ಟಕ್ಕೆ ಮಾರದಿದ್ದರೆ ಹಸು ಯಾಕೆ ಸಾಕಬೇಕು? ಆದರೆ ನಾನು ಹಾಗೆ ಪಟ್ಟನೆ ಹೇಳಿದ್ದೇ ತಪ್ಪಾಯಿತು. ಶಂಕರ ಆ ಮಾತನ್ನು ಊರಿಗಾಂಗೆ ಹೊತ್ತುಕೊಂಡು ಹೋದಾಗ ಕನಕಮ್ಮ ಅಂದಳಂತೆ: "ಇದೇನ್ಲಾ ಇದು, ಯಾರೂ ಕೇಳೋಕ್ಮುಂಚೇನೇ ಆಯಮ್ಮ ಅಸು ಮಾರೋಕೆ ನಿಂತವ್ಳೆ? ಆಯಮ್ಮನ್ನ ಏನು ಚುಚ್ತಾ ಐತೆ?"

ಟ್ಯೂಬಿಗೆ ಮುಂಚೆ ಒಂದು ಸಲ ಮದ್ದು ನೋಡಿಸಿಬಿಡೋಣ ಅಂತ ಅವಳೇ ತೀರ್ಮಾನ ಮಾಡಿದಳು. ಅಲ್ಲಿ ಕೇಳುವುದು ಎಲೆ ಅಡಿಕೆ, ತೆಂಗಿನಕಾಯಿ, ಕೈಲಾದಷ್ಟು ಕಾಣಿಕೆ. ಆಸ್ಪತ್ರೆಯಲ್ಲಿ ಕೇಳುವುದು ಹಸು. ಶಂಕರ ಒಪ್ಪಿದ. ಅವನನ್ನು ಬೈಯುವುದು ಸುಲಭ. ಎಲ್ಲ ಕಡೆ ಕೊಟ್ಟು ಕೊಟ್ಟು ಸಾಕಾಗಿದ್ದವನಿಗೆ ಅಗ್ಗದ ಬಾಗಿಲು ಒಂದು ಕಂಡಿತ್ತು.

ಮುದುಕ, ಅವನ ಅಪ್ಪ, ಒಬ್ಬನೇ ಎದುರು ಮಾತಾಡಿದ್ದು. "ಆಯುಸ್ಸೆಲ್ಲಾ ಮದ್ದು ಇಟ್ಟೋನು ಕಣಮ್ಮೀ ನಾನು. ಮದ್ದು ಅಂದ್ರೆ ಅರೆಗಳಿಗೇಲಿ ಡಮಾರ್ ಅನ್ಬೇಕು. ವರ್ಸಗಟ್ಲೆ ಒಟ್ಟೇಲಿ ಕೂತ್ಕೊಂಡು ಬೀಡಿ ಸೇದೋ ಮದ್ದು ನಾನು ಕಾಣೆ."

"ನೀನ್ ಸೇದು ಬೀಡಿ, ಸುಮ್ನಿರು" ಅಂದಳು ಕನಕಮ್ಮ.

ನನ್ನನ್ನೂ ಕರೆದುಕೊಂಡು ಹೋದರು. ಗಡಿ ಆಚೆ ಒಂದು ಹಳ್ಳಿ. ಹುಣಸೆಮರದ ಕೆಳಗೆ ನಮಗಿಂತ ಮುಂಚೆ ಬಂದವರು ಸಾಲಾಗಿ ಕೂತಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡವರೇ. ಒಬ್ಬೊಬ್ಬರ ಕೈಯಲ್ಲೂ ಆಸ್ಪತ್ರೆ ಚೀಟಿಗಳ ಪ್ಲಾಸ್ಟಿಕ್ ಕವರು. ಮದ್ದು ತೆಗೆಯುವವಳು ವಯಸ್ಸಾದ ಹೆಂಗಸು, ತೆಲುಗಿನವಳು. ಯಾವುದೋ ಸೊಪ್ಪು ಅರೆದು ಮೊಸರಲ್ಲಿ ಕದಡಿ ಪದ್ಮನಿಗೆ ಕುಡಿಸಿದಳು. ಮುಂದೆ ಹಿತ್ತಾಳೆ ತಟ್ಟೆ ಇಟ್ಟಳು. ಸ್ವಲ್ಪ ಹೊತ್ತಿಗೆ ಪದ್ಮ ಬಾಗಿದಳು. ಕರುಳು ಕಿತ್ತು ಬರುವ ಹಾಗೆ ವಾಂತಿ. ನಾನು ಅವಳ ಹಣೆ ಹಿಡಿದುಕೊಂಡಿದ್ದೆ.

ತಟ್ಟೆಯಲ್ಲಿ ಬಿದ್ದದ್ದು ಕಪ್ಪಗಿತ್ತು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಕಾಫಿಗಸಿಯ ಹಾಗೆ, ಅದರ ನಡುವೆ ಒಂದೆರಡು ಗಂಟು.

"ಬಂತು ನೋಡಿ" ಅಂದಳು ಆ ಹೆಂಗಸು. ಕಡ್ಡಿಯಿಂದ ಕೆದಕಿ ನೋಡಿದಳು. "ಹಳೇದು. ದೂರದ ಕೈ ಅಲ್ಲ ಇದು. ಹಾಲಿನ ಕೈ."

ಅಷ್ಟೇ ಹೇಳಿದ್ದು. ಹೆಸರು ಹೇಳಲಿಲ್ಲ, ಬೆರಳು ತೋರಿಸಲಿಲ್ಲ. ಹಾಲಿನ ಕೈ ಅಂದರೆ ಏನು ಬೇಕಾದರೂ ಆಗಬಹುದು. ಆದರೆ ಕನಕಮ್ಮ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಹಾಲು ಕರೆಯುವವಳು ನಾನು, ಪದ್ಮನಿಗೆ ಹಾಲು ಕುಡಿಸಿದವಳೂ ನಾನು, ರೈಲಿಗೆ ಹಾಲಿನ ಬಾಟಲಿ ಹೊತ್ತವಳೂ ನಾನು. ಪದ್ಮನ ಹಣೆ ಇನ್ನೂ ನನ್ನ ಅಂಗೈಯಲ್ಲಿತ್ತು. ಶಂಕರ ಬಂದು ನನ್ನ ಕೈ ತೆಗೆದು, ತನ್ನ ಕೈ ಇಟ್ಟ. ಒರಟಾಗಿ ಅಲ್ಲ. ಮೆಲ್ಲಗೆ ತೆಗೆದ. ಅದೇ ಹೆಚ್ಚು ನೋವಾಯಿತು.

"ಇದು ರಕ್ತ ಇದ್ದಂಗೈತಲ್ಲಾ" ಅಂದೆ ನಾನು. "ಒಳಗೆ ಎಲ್ಲೋ ಉಣ್ಣಾಗಿ ಸುರೀತಾ ಐತೆ. ಆಸ್ಪತ್ರೆಗೆ ಓಗೋಣ ನಡೀರಿ."

"ಆಕಿದೋರ್ಗೆ ತಾನೇ ಗೊತ್ತಿರೋದು, ಒಳಗೇನೈತೆ ಅಂತ" ಅಂದಳು ಕನಕಮ್ಮ.

ಮರದ ಕೆಳಗೆ ಕೂತವರೆಲ್ಲ ನನ್ನನ್ನು ನೋಡಿದರು. ಒಬ್ಬ ಹೆಂಗಸು ತನ್ನ ಮಗುವನ್ನು ಆ ಕಡೆ ಎಳೆದುಕೊಂಡಳು.

ಆಮೇಲೆ ನಾನು ಏನು ಹೇಳಿದರೂ ಅದು ಮದ್ದು ಹಾಕಿದವಳ ಮಾತು. ಆಸ್ಪತ್ರೆ ಅಂದರೆ ಮುಚ್ಚಿಹಾಕಲು ಹೇಳುತ್ತಾಳೆ. ದುಡ್ಡು ಕೊಡುತ್ತೇನೆ ಅಂದರೆ ಪಾಪ ತೊಳೆಯಲು ಬರುತ್ತಾಳೆ. ಸುಮ್ಮನಿದ್ದರೆ, ನೋಡು, ಬಾಯಿ ಬಿಡುತ್ತಿಲ್ಲ. ಕಾಯಿಲೆ ತಟ್ಟೆ ತುಂಬ ಬಂದು ಎಲ್ಲರ ಕಣ್ಣಿಗೂ ಕಂಡಿತ್ತು. ಅದನ್ನು ಬೂದಿ ಮುಚ್ಚಿ ಬೇಲಿ ಬದಿಯಲ್ಲಿ ಚೆಲ್ಲಿ, ಕಾಯಿ ಒಡೆದು, ವಾಸಿಯಾಯಿತು ಅಂತ ಮನೆಗೆ ಬಂದರು.

ಪದ್ಮನಿಗೂ ಕೆಲವು ದಿನ ಹಗುರ ಅನ್ನಿಸಿತಂತೆ. ಪಥ್ಯ ಹೇಳಿದ್ದರು, ಆ ಕೈಯಿಂದ ಒಂದಗುಳೂ ತಿನ್ನಬಾರದು ಅಂತ.

ನನಗೆ ಅದು ಗೊತ್ತಿರಲಿಲ್ಲ. ಮುಂದಿನ ಸೋಮವಾರ ಎಂದಿನಂತೆ ಕ್ಯಾರಿಯರ್ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಕೊನೆಯ ಅವರೆಕಾಯಿ ಅದು, ಒಣಗುತ್ತಾ ಬಂದಿತ್ತು, ಹಿತಕಿ ಹಿತಕಿ ಉಗುರು ಸಂದಿ ಕಿತ್ತುಹೋಗಿತ್ತು. ರೈಲು ಬಂತು. ಕಿಟಕಿಯಲ್ಲಿ ಪದ್ಮ ಇದ್ದಳು. ಕೆನ್ನೆ ಒಳಗೆ ಹೋಗಿತ್ತು.

"ಬೇಡಮ್ಮ" ಅಂದಳು.

"ಯಾಕೆ, ಕಾರ ಜಾಸ್ತಿ ಆಕಿಲ್ಲ ಕಣೇ. ಹಾಲು ಕಾಸಿ ತಂದಿದೀನಿ."

"ಬೇಡ ಅಂದ್ನಲ್ಲಮ್ಮ. ಓಗು."

ಬಾಗಿಲಿಗೆ ಯಾರೂ ಓಡಿ ಬರಲಿಲ್ಲ. ನನ್ನ ಸಾರಿಗೆ ಕಿತ್ತಾಡುತ್ತಿದ್ದ ಹೆಂಗಸರು ಫೋನು ನೋಡುತ್ತಾ ಕೂತಿದ್ದರು. ನಾನು ಕಿಟಕಿ ಕಂಬಿ ಹಿಡಿದು, "ಪದ್ದೀ, ನೀನೂ ನಂಬ್ದೇನೇ?" ಅಂದೆ. ಅವಳು ಆ ಕಡೆ ತಿರುಗಿಕೊಂಡಳು. ರೈಲು ಹೊರಟಿತು. ಆ ಊಟವನ್ನು ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಪೂರ್ತಿ ತಿಂದೆ. ಒಂದು ಅಗುಳೂ ಬಿಡಲಿಲ್ಲ. ಮದ್ದು ಹಾಕಿದ್ದರೆ ನನಗೂ ಹತ್ತಲಿ ಅಂತ.

ಮಾರನೇ ವಾರವೂ ಹೋದೆ, ಬರಿಗೈಯಲ್ಲಿ. ಅವಳನ್ನು ನೋಡಲು ಬೇರೆ ದಾರಿ ಇರಲಿಲ್ಲ. ದೂರ, ನೀರಿನ ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಕಿಟಕಿಯಲ್ಲಿ ಮುಖ ಸಣ್ಣಗಾಗುತ್ತಾ ಬಂತು, ಕುಪ್ಪಸದ ತೋಳು ಜೋಲುತ್ತಾ ಬಂತು. ಅವಳಿಗೂ ನಾನು ಕಾಣುತ್ತಿದ್ದೆ. ಒಂದು ದಿನ ಅವಳು ಕೈ ಎತ್ತಿದ ಹಾಗೆ ಮಾಡಿದಳು. ಕೂದಲು ಸರಿಮಾಡಿಕೊಂಡಳೋ, ನನಗೇ ಎತ್ತಿದಳೋ ತಿಳಿಯಲಿಲ್ಲ. ಆವತ್ತಿನಿಂದ ಒಂದು ರೈಲೂ ತಪ್ಪಿಸಲಿಲ್ಲ ನಾನು.

ಮಾವಿನಕಾಯಿ ಲಾರಿಗಳು ಓಡಾಡುವ ಕಾಲಕ್ಕೆ ಬಂತು ಆ ದಿನ. ರೈಲು ನಿಂತದ್ದೇ ಡಬ್ಬಿಯಿಂದ ಕೂಗು. ಕಿಟಕಿಯಿಂದ ಒಬ್ಬಳು, "ವೆಂಕಟಮ್ಮಕ್ಕಾ, ಬಾ ಬೇಗ" ಅಂತ ಚೀರಿದಳು. ಪದ್ಮ ಎರಡು ಸೀಟಿನ ನಡುವೆ ಬಿದ್ದಿದ್ದಳು. ಮುಂದೆ ಅದೇ ಕಾಫಿಗಸಿ, ಜೊತೆಗೆ ಕೆಂಪು. ನಾವು ಐದಾರು ಹೆಂಗಸರು ಸೇರಿ ಎತ್ತಿ ಇಳಿಸಿದೆವು. ಎತ್ತುವುದಕ್ಕೆ ಅಷ್ಟು ಜನ ಬೇಕಾಗಿರಲಿಲ್ಲ. ನಾನೊಬ್ಬಳೇ ಹೊರಬಹುದಿತ್ತು, ಅಷ್ಟು ಹಗುರ.

ನಾನು ಯಾರನ್ನೂ ಕೇಳಲಿಲ್ಲ. ಕೋಲಾರಕ್ಕೆ, ಅಲ್ಲಿಂದ ಅವರು ಹೇಳಿದ ಹಾಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ. ಗೌರಿ ಹೋದಳು, ಅವಳ ಕರುವೂ ಹೋಯಿತು. ಗಂಟಲಿನಿಂದ ಟ್ಯೂಬ್ ಬಿಟ್ಟರು. ಇಷ್ಟು ದಿನ ಎಲ್ಲರೂ ಹೆದರಿದ್ದ ಆ ಟ್ಯೂಬು, ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ನಾನು ತಂದ ಟೀ ಆರಿರಲಿಲ್ಲ.

ಡಾಕ್ಟರು ಚಿಕ್ಕ ಹುಡುಗಿ, ನನ್ನ ಪದ್ಮನಿಗಿಂತ ಚಿಕ್ಕವಳು. ನನ್ನನ್ನೂ, ಸುದ್ದಿ ಕೇಳಿ ಓಡಿ ಬಂದಿದ್ದ ಶಂಕರನನ್ನೂ ಕೂರಿಸಿಕೊಂಡು ಕೇಳಿದಳು, "ಕಪ್ಪಗೆ ವಾಂತಿ ಆಗಿದ್ದು ಇದೇ ಮೊದಲಾ?"

ಶಂಕರ ನೆಲ ನೋಡಿದ. "ಸಂಕ್ರಾಂತಿ ಆದ್ಮೇಲೆ ಒಂದು ಸಲ ಆಗಿತ್ತು ಮೇಡಂ. ಅದು... ಮದ್ದು ಬಂತು ಅಂದ್ಕೊಂಡ್ವಿ."

"ಮದ್ದು?"

ಅವನು ಹೇಳಿದ. ಆ ಹುಡುಗಿ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ಅವತ್ತೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ" ಅಂದಳು. ಆಮೇಲೆ, "ಖಂಡಿತ ಅಂತ ಹೇಳಲ್ಲ ನಾನು" ಅಂತಲೂ ಸೇರಿಸಿದಳು. ಹೊಟ್ಟೆಯ ಕ್ಯಾನ್ಸರ್. ಲಿವರಿಗೂ ಹಬ್ಬಿಬಿಟ್ಟಿತ್ತು. ಕೊಯ್ದು ತೆಗೆಯುವ ಹಾಗಿರಲಿಲ್ಲ. ಈಗ ಕಾರ್ಡ್ ನಡೆಯುತ್ತದೆ ಅಂದರು. ಕಾಯಿಲೆ ಇಂಥದ್ದು ಅಂತ ಗೊತ್ತಾಗಿತ್ತಲ್ಲ.

ಹೊರಗೆ ಬಂದ ಮೇಲೆ ಶಂಕರ ಗೋಡೆಗೆ ತಲೆ ಚಚ್ಚಿಕೊಂಡ. "ಸಾಕು ನಿಲ್ಸು" ಅಂದೆ. "ನಿನ್ ತಲೆಗೊಂದು ಬ್ಯಾಂಡೇಜು, ಅದ್ಕೊಂದು ಬಿಲ್ಲು. ಓಗಿ ಅವಳಿಗೆ ಬಿಸಿನೀರು ತಾ."

ವಾರ್ಡಿನಲ್ಲಿ ಪದ್ಮನ ಪಕ್ಕದಲ್ಲಿ ಕೂತೆ. ಕೊಳವೆಯಲ್ಲಿ ನೀರು ಹೋಗುತ್ತಿತ್ತು, ಬಾಯಲ್ಲಿ ಏನೂ ಇಳಿಯುತ್ತಿರಲಿಲ್ಲ. ನಾನು ಗಂಜಿ ತಿಳಿ ತಂದರೆ ತುಟಿ ಮುಚ್ಚುತ್ತಿದ್ದಳು. ಸೇರುತ್ತಿಲ್ಲವೋ, ನನ್ನ ಕೈ ಅಂತಲೋ, ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಶಂಕರ ಕೊಟ್ಟರೆ ಒಂದು ಗುಟುಕು ಕುಡಿದು ಹೊರಗೆ ಹಾಕುತ್ತಿದ್ದಳು. ನಾನು ಲೋಟ ತೊಳೆಯುವುದು, ಸೀರೆ ಬದಲಾಯಿಸುವುದು, ಕಾಲು ಒತ್ತುವುದು ಮಾಡುತ್ತಿದ್ದೆ. ತುತ್ತು ಮಾತ್ರ ನನ್ನದಲ್ಲ.

ನೋವು ಜಾಸ್ತಿಯಾದ ಮೇಲೆ, ಕೊಳವೆ ತೆಗೆದು, ನಾಲಿಗೆ ಮೇಲೆ ಹಾಕುವ ನೋವಿನ ಔಷಧಿ ಶುರು ಮಾಡಿದರು. ಆವತ್ತು ಹೊಸ ನರ್ಸು ಬಂದಿದ್ದಳು. ಮಂಗಳೂರು ಕಡೆ ಹುಡುಗಿ, ಪುಸ್ತಕ ಓದಿದ ಹಾಗೆ ಮಾತು. ಬಾಟಲಿಯನ್ನೂ ಚಮಚವನ್ನೂ ನನ್ನ ಕೈಗೆ ಕೊಟ್ಟು, ಪದ್ಮನ ಕಡೆ ಬಾಗಿ ಜೋರಾಗಿ ಹೇಳಿದಳು:

"ನೋಡಿ ಅಕ್ಕ, ಮದ್ದು ನಿಮ್ಮ ಅಮ್ಮನ ಕೈಯಲ್ಲಿ ಕೊಟ್ಟಿದ್ದೇನೆ, ಆಯ್ತಾ? ಅವರು ಹಾಕುವಾಗ ನೀವು ಬಾಯಿ ತೆಗೀಬೇಕು. ಹಟ ಮಾಡ್ಲಿಕ್ಕಿಲ್ಲ. ಅಮ್ಮನ ಮದ್ದಿನಿಂದಲೇ ನಿಮಗೆ ಕಡಿಮೆ ಆಗೋದು."

ಅವರ ಕಡೆ ಔಷಧಿಗೇ ಮದ್ದು ಅನ್ನುವುದಂತೆ. ಪಕ್ಕದಲ್ಲಿದ್ದ ಶಂಕರ ಕಲ್ಲಾದ. ಪದ್ಮ ನರ್ಸನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಕೈಯ ಬಾಟಲಿ ನೋಡಿದಳು. ಅವಳ ಹೊಟ್ಟೆ ಅಲುಗಾಡಿತು. ನೋವು ಅಂದುಕೊಂಡೆ. ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಚಿಕ್ಕಂದಿನಲ್ಲಿ ಅವರೆಬೇಳೆ ಕದ್ದು ಸಿಕ್ಕಿಬಿದ್ದಾಗ ನಗುತ್ತಿದ್ದ ಹಾಗೆ.

"ಏನಾಯ್ತು ಮಾರಾಯ್ತಿ? ನಾನು ತಪ್ಪು ಹೇಳಿದೆನಾ?" ಅಂದಳು ನರ್ಸು.

"ಇಲ್ಲ ಸಿಸ್ಟರ್. ಸರಿಯಾಗೇ ಏಳಿದ್ರಿ" ಅಂದಳು ಪದ್ಮ. ಆಮೇಲೆ ನನ್ನ ಕಡೆ ತಿರುಗಿ, "ಆಕಮ್ಮ. ನಿನ್ ಮದ್ದು ಆಕು" ಅಂತ ಬಾಯಿ ತೆರೆದಳು.

ಹಾಕಿದೆ. ಚಮಚ ಹಲ್ಲಿಗೆ ತಾಗಿತು. ನುಂಗಿದಳು. ಅದೊಂದು ಒಳಗೆ ನಿಂತಿತು, ಹೊರಗೆ ಬರಲಿಲ್ಲ.

ಶಂಕರ ಎದ್ದು ಆಚೆ ಹೋದ. ಆಮೇಲೆ ಅವಳು ಹೇಳಿದಳು. ನಾನು ಕೇಳಲಿಲ್ಲ, ಅವಳಾಗಿಯೇ ಹೇಳಿದ್ದು.

"ನಾನು ನಂಬಿರ್ಲಿಲ್ಲಮ್ಮ. ಒಂದ್ ದಿವ್ಸಾನೂ ನಂಬ್ಲಿಲ್ಲ."

"ಮತ್ತೆ ಯಾಕೇ ಬೇಡ ಅಂದೆ?"

"ಆ ತಟ್ಟೇಲಿ ಬಿದ್ದಿದ್ದು ನೋಡ್ದಾಗ ನಂಗೂ ರಕ್ತ ಅಂತ್ಲೇ ಅನ್ನಿಸ್ತು. ಆದ್ರೆ ಮದ್ದಾಗಿದ್ರೆ ಬಂದ್ಬಿಟ್ಟೈತೆ, ಇನ್ನು ವಾಸಿ ಆಗ್ತದಲ್ಲಾ. ಬೇರೆ ಏನಾದ್ರೂ ಆಗಿದ್ರೆ..." ಉಸಿರು ಎಳೆದುಕೊಂಡಳು. "ಚೈತ್ರ ಚಿಕ್ಕೋಳು. ನಂಗೆ ಬದುಕ್ಬೇಕಿತ್ತಮ್ಮ. ದಿನಾ ರೈಲಲ್ಲಿ ಬೇಡ್ಕೋತಿದ್ದೆ, ದೇವ್ರೇ, ನಮ್ಮಮ್ಮ ಮದ್ದು ಆಕಿರೋದೇ ನಿಜ ಆಗ್ಲಿ ಅಂತ."

ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ನಾನೇ ಹಾಕಿದ್ದು ಅಂತ ಒಪ್ಪಿಕೊಂಡರೆ ಅವಳು ಬದುಕುತ್ತಾಳೆ ಅಂತ ಯಾರಾದರೂ ಹೇಳಿದ್ದರೆ, ಊರಿಗಾಂ ಸ್ಟೇಷನ್ನಿನಲ್ಲಿ ನಿಂತು ಕೂಗಿ ಒಪ್ಪಿಕೊಳ್ಳುತ್ತಿದ್ದೆ.

"ಆವತ್ತು ಸಾರು ಏನ್ಮಾಡ್ದೆ, ನಾನು ಬೇಡ ಅಂದ ದಿನ?" ಅಂತ ಕೇಳಿದಳು.

"ನಾನೇ ತಿಂದೆ."

"ಎಲ್ಲಾನೂವಾ?"

"ಎಲ್ಲಾನೂ."

"ಒಟ್ಟೆಬಾಕಿ" ಅಂದಳು.

ಬದುಕಿದ್ದಷ್ಟು ದಿನ ಆ ಔಷಧಿ ನನ್ನ ಕೈಯಲ್ಲೇ ತೆಗೆದುಕೊಂಡಳು. ಶಂಕರ ಹಾಕಲು ಬಂದರೆ ತುಟಿ ಮುಚ್ಚುತ್ತಿದ್ದಳು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಾಗ, ಊರಿಗಾಂಗೆ ಬೇಡ, ಬಂಗಾರಪೇಟೆಗೆ ಅಂದಳು. ನನ್ನ ಮನೆಯ ನಡುಮನೆಯಲ್ಲಿ, ಹಸು ಇಲ್ಲದ ಕೊಟ್ಟಿಗೆ ಕಾಣುವ ಕಡೆ ತಲೆ ಮಾಡಿ ಮಲಗಿಸಿದ್ದೆ. ಹೊಲದಲ್ಲಿ ರಾಗಿ ಬಿತ್ತಿದ ಮೇಲೆ ಒಂದು ಬೆಳಗ್ಗೆ ಚಮಚ ತುಟಿಗೆ ಇಟ್ಟೆ, ತುಟಿ ತೆರೆಯಲಿಲ್ಲ. ಹೊರಗೆ ಆ ರೈಲು ಕೂಗಿ ಹೋಯಿತು.

ಮುಂದಿನ ಅವರೆಕಾಯಿ ಕಾಲಕ್ಕೆ ಶಂಕರ ಚೈತ್ರನನ್ನು ಕರೆದುಕೊಂಡು ಬಂದ. ನಾನು ಹಿತಕಿದ ಬೇಳೆ ಸಾರು ಮಾಡಿದ್ದೆ. ಇಬ್ಬರಿಗೂ ಬಡಿಸಿದೆ. ಅವನು ತಟ್ಟೆ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ತಿಂದ. ಇನ್ನೊಂದು ಸಲ ಹಾಕಿಸಿಕೊಂಡ.

ಕನಕಮ್ಮ ಇವತ್ತಿಗೂ ನನ್ನ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಮದ್ದು ಪೂರ್ತಿ ಬಂದಿರಲಿಲ್ಲ, ಬೇರು ಒಳಗೇ ಉಳಿದುಕೊಂಡಿತ್ತು ಅನ್ನುತ್ತಾಳಂತೆ. ಅವಳಿಗೆ ಅದು ಬೇಕು. ಮದ್ದು ಅಲ್ಲ ಅಂದರೆ, ಆ ಹಿತ್ತಾಳೆ ತಟ್ಟೆಯಲ್ಲಿ ಬಿದ್ದದ್ದು ಏನು ಅಂತ ಅವಳು ತನಗೇ ಹೇಳಿಕೊಳ್ಳಬೇಕಾಗುತ್ತದೆ. ಅವಳ ವಯಸ್ಸಿನಲ್ಲಿ ಅದು ಆಗದು. ನಾನು ಅದನ್ನು ಅವಳಿಂದ ಕಿತ್ತುಕೊಳ್ಳಲು ಹೋಗುವುದಿಲ್ಲ.

ಊರಿಗಾಂ ಲೈನಿನಲ್ಲಿ ನಾನು ನಡೆದು ಹೋದರೆ, ಬಾಗಿಲಲ್ಲಿ ಕೂತ ಹೆಂಗಸರು ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ, ಹೆತ್ತ ಮಗಳಿಗೇ ಮದ್ದು ಹಾಕಿದವಳು ಇವಳೇ ಅಂತ. ಚೈತ್ರನಿಗೆ ಸಿಟ್ಟು ಬಂದು ತಿರುಗಿ ನಿಲ್ಲುತ್ತಾಳೆ. ನಾನು ಅವಳ ಕೈ ಹಿಡಿದು ಮುಂದೆ ಎಳೆದುಕೊಂಡು ಹೋಗುತ್ತೇನೆ. ಹಾಕಿದ್ದು ನಿಜವಲ್ಲವಾ. ಬೆಳಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ಆಕಮ್ಮ ಅಂತ ಪದ್ಮನೇ ಬಾಯಿ ತೆರೆದಳು.